ಹೊಟ್ಟೆ ಊದಿದೆ, ಮೈ ಸೊರಗಿದೆ: ಸಿರೋಸಿಸ್ ರೋಗಿಯ ಪೋಷಣೆ ಅಳೆಯುವುದು ಹೇಗೆ?

"ತೂಕ ಇಳಿದೇ ಇಲ್ಲ, ಆದರೂ ಪೌಷ್ಟಿಕತೆ ಸಾಲದು ಅಂತಾರಲ್ಲ ಡಾಕ್ಟ್ರು, ಯಾಕೆ?" ಲಿವರ್ ಸಿರೋಸಿಸ್ ಇರುವವರ ಮನೆಯವರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಅದರ ಬೆನ್ನಿಗೇ, ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿನ ಬಗ್ಗೆ ಇನ್ನೊಂದು: "ಆಲ್ಬುಮಿನ್ 2.6 ಬಂದಿದೆ, ಮೊಟ್ಟೆ ಕೊಟ್ಟರೆ ಏರುತ್ತಾ?" ಎರಡಕ್ಕೂ ಉತ್ತರ ಸಿಗಬೇಕಾದರೆ ಮೊದಲು ಸರಿಯಾಗಿ ಅಳೆಯಬೇಕು. ಮನೆಯವರಿಗೂ, ಆರೋಗ್ಯ ಕೇಂದ್ರಗಳ ನರ್ಸ್ ಮತ್ತು ಸಮುದಾಯ ಆರೋಗ್ಯ ಅಧಿಕಾರಿಗಳಿಗೂ ಅನುಕೂಲವಾಗಲೆಂದು ಆ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇವೆ.

ಅಳತೆಗೆ ಮೊದಲು ಕಾರಣ ತಿಳಿದಿರಲಿ. ಆರೋಗ್ಯವಂತ ಲಿವರ್ ಹಗಲು ಉಂಡದ್ದರಲ್ಲಿ ಒಂದು ಪಾಲನ್ನು ಗ್ಲೈಕೋಜನ್ ಎಂಬ ಸಕ್ಕರೆ ದಾಸ್ತಾನಾಗಿ ಕೂಡಿಟ್ಟು ರಾತ್ರಿ ಖರ್ಚು ಮಾಡುತ್ತದೆ. ಸಿರೋಸಿಸ್ ಎಂದರೆ ಲಿವರ್ ತುಂಬ ಗಾಯದ ಕಲೆ ಕಟ್ಟಿ ಗಂಟುಗಂಟಾಗಿರುವ ಸ್ಥಿತಿ; ಅಲ್ಲಿ ಆ ದಾಸ್ತಾನಿಗೆ ಜಾಗವೇ ಕಡಿಮೆ. ಆರೋಗ್ಯವಂತರು ಎರಡು ಮೂರು ದಿನ ಉಪವಾಸವಿದ್ದರೆ ದೇಹ ಯಾವ ಸ್ಥಿತಿಗೆ ಬರುತ್ತದೋ, ಇವರ ದೇಹ ಒಂದೇ ರಾತ್ರಿಯಲ್ಲಿ ಅಲ್ಲಿಗೆ ಬಂದಿರುತ್ತದೆ. ಸಕ್ಕರೆ ತಯಾರಿಸಿಕೊಳ್ಳಲು ಅದು ಮಾಂಸಖಂಡವನ್ನೇ ಕರಗಿಸುತ್ತದೆ. ಕೆಟ್ಟ ಲಿವರ್ ತೆಗೆಯಲಾರದ ಅಮೋನಿಯಾ ಎಂಬ ವಿಷವಸ್ತುವನ್ನು ರಕ್ತದಿಂದ ತೆಗೆಯುವ ಕೆಲಸದಲ್ಲಿ ಮಾಂಸಖಂಡಕ್ಕೆ ದೊಡ್ಡ ಪಾಲಿದೆ. ಅದು ಕರಗಿದಷ್ಟೂ ಅಮೋನಿಯಾ ಮೆದುಳಿಗೆ ಏರುತ್ತದೆ, ರೋಗಿ ಮಂಕಾಗುತ್ತಾರೆ, ಸೋಂಕುಗಳು ಸುಲಭವಾಗಿ ಹಿಡಿಯುತ್ತವೆ. ಆದ್ದರಿಂದ ಇಲ್ಲಿ ಅಳೆಯಬೇಕಾದದ್ದು ಮೈತೂಕವನ್ನಲ್ಲ, ಮಾಂಸಖಂಡವನ್ನು ಮತ್ತು ತಟ್ಟೆಯನ್ನು.

ಬೇಕಾಗುವ ಸಾಮಾನು

ತೂಕದ ಯಂತ್ರ, ಟೈಲರ್ ಟೇಪು, ಕೈ ಇಲ್ಲದ ಗಟ್ಟಿ ಕುರ್ಚಿ, ಮೊಬೈಲಿನ ಸ್ಟಾಪ್‌ವಾಚ್, ಅಡುಗೆಮನೆಯ ಅಳತೆ ಲೋಟ ಅಥವಾ ಸಣ್ಣ ತಕ್ಕಡಿ, ಒಂದು ನೋಟ್‌ಬುಕ್. ಅಂಗನವಾಡಿಯಲ್ಲಿ ಸಿಗುವ ಬಣ್ಣದ ತೋಳುಪಟ್ಟಿ ಮಕ್ಕಳಿಗಾಗಿ ಮಾಡಿದ್ದು, ಇಲ್ಲಿ ಉಪಯೋಗಕ್ಕೆ ಬಾರದು. ಆಸ್ಪತ್ರೆಯಲ್ಲಾದರೆ ಮುಷ್ಟಿಯ ಬಲ ಅಳೆಯುವ ಡೈನಮೋಮೀಟರ್ ಮತ್ತು ಚರ್ಮದ ಮಡಿಕೆ ಅಳೆಯುವ ಕ್ಯಾಲಿಪರ್ ಇದ್ದರೆ ಒಳ್ಳೆಯದು.

ಹಂತ 1: ಯಾರಿಗೆ ತಕ್ಷಣ ಪೂರ್ಣ ತಪಾಸಣೆ ಬೇಕು?

ಕೆಲವರ ವಿಷಯದಲ್ಲಿ ಲೆಕ್ಕಾಚಾರಕ್ಕೆ ಕೂರುವ ಅಗತ್ಯವಿಲ್ಲ, ನೇರವಾಗಿ ಅಪಾಯದ ಗುಂಪಿಗೆ ಸೇರಿಸಿ. ಚೈಲ್ಡ್-ಪ್ಯೂ ದರ್ಜೆ "ಸಿ" ಇರುವವರು (ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಸಮಯ, ಹೊಟ್ಟೆಯ ನೀರು, ಮಂಕು ಈ ಐದನ್ನು ಕೂಡಿಸಿ ಕೊಡುವ ದರ್ಜೆ ಅದು, ಡಿಸ್ಚಾರ್ಜ್ ಸಾರಾಂಶದಲ್ಲಿ ಬರೆದಿರುತ್ತಾರೆ), ಮೈಯಲ್ಲಿ ತುಂಬಿದ ನೀರಿನ ತೂಕ ಕಳೆದ ಮೇಲೆ (ಹಂತ 2 ನೋಡಿ) ಬಿಎಂಐ 18.5ಕ್ಕಿಂತ ಕಡಿಮೆ ಇರುವವರು, ಮದ್ಯದಿಂದ ಲಿವರ್ ಉರಿಯೂತವಾಗಿ ದಾಖಲಾದವರು, ಮೂಗಿನ ನಳಿಕೆಯಿಂದ ಆಹಾರ ತೆಗೆದುಕೊಳ್ಳುತ್ತಿರುವವರು. ಬಿಎಂಐ ಎಂದರೆ ಕಿಲೋ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದಾಗ ಬರುವ ಅಂಕಿ.

ಉಳಿದವರಿಗೆ ಮೂರು ಪ್ರಶ್ನೆ. ಹೊಟ್ಟೆಯ ನೀರಿನಿಂದಾಗಿ ಊಟ ಅರ್ಧಕ್ಕೇ ಸಾಕೆನಿಸುತ್ತದೆಯೇ? ಕಳೆದ 3ರಿಂದ 6 ತಿಂಗಳಲ್ಲಿ ಬೇಕೆಂದು ಇಳಿಸದೆ ತೂಕ ಇಳಿದಿದೆಯೇ? ಊಟ ಮೊದಲಿಗಿಂತ ಕಡಿಮೆಯಾಗಿದೆಯೇ? ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಲಿವರ್ ರೋಗಿಗಳಿಗೆಂದೇ ರೂಪಿಸಿದ ಅಂಕಪಟ್ಟಿಯ ತಿರುಳೂ ಬಹುಮಟ್ಟಿಗೆ ಇದೇ. ಒಂದಕ್ಕೆ "ಹೌದು" ಬಂದರೂ ಮುಂದಿನ ಹಂತಗಳನ್ನೆಲ್ಲ ಮಾಡಿ.

ಹಂತ 2: ಒಣತೂಕ ಕಂಡುಹಿಡಿಯಿರಿ

ಹೆಚ್ಚಿನವರು ಎಡವುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಓದಿ. ಹೊಟ್ಟೆಯಲ್ಲಿ ತುಂಬಿದ ಒಂದು ಲೀಟರ್ ನೀರು ಯಂತ್ರದ ಮೇಲೆ ಸುಮಾರು ಒಂದು ಕಿಲೋ ತೋರಿಸುತ್ತದೆ. ತಿಂಗಳಲ್ಲಿ ಮೂರು ಕಿಲೋ ಮಾಂಸಖಂಡ ಕರಗಿ ಮೂರು ಲೀಟರ್ ನೀರು ಸೇರಿದರೆ ತೂಕ "ಅಷ್ಟೇ ಇದೆ". ನೀರನ್ನು ಕಳೆದು ಉಳಿಯುವುದೇ ಒಣತೂಕ.

ಬೆಳಗ್ಗೆ ಮೂತ್ರ, ಮಲ ಮುಗಿಸಿ, ತಿಂಡಿಗೆ ಮೊದಲು, ಅದೇ ಯಂತ್ರದ ಮೇಲೆ, ಅದೇ ಬಗೆಯ ಬಟ್ಟೆಯಲ್ಲಿ ತೂಗಿ. ನೀರಿನ ಪ್ರಮಾಣ ಗುರುತಿಸಿ. ಸ್ಕ್ಯಾನಿಂಗ್‌ನಲ್ಲಿ ಮಾತ್ರ ಕಾಣುವಷ್ಟಿದ್ದರೆ ಅಲ್ಪ: ತೂಕದ 5% ಕಳೆಯಿರಿ. ಹೊಟ್ಟೆ ಕಣ್ಣಿಗೆ ಕಾಣುವಂತೆ ಉಬ್ಬಿ, ಒತ್ತಿದರೆ ಇನ್ನೂ ಮೆತ್ತಗಿದ್ದರೆ ಮಧ್ಯಮ: 10%. ನಗಾರಿಯಂತೆ ಬಿಗಿದು ಹೊಕ್ಕುಳ ಹೊರಗೆ ಬಂದಿದ್ದರೆ ತೀವ್ರ: 15%. ಎರಡೂ ಕಾಲು ಊದಿದ್ದರೆ ಇನ್ನೂ 5%. ಊತ ತಿಳಿಯಲು ಮೊಣಕಾಲಿನ ಕೆಳಗೆ ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೆರಳು ತೆಗೆದ ಮೇಲೂ ಗುಳಿ ಉಳಿದರೆ ಊತವಿದೆ. ಒಂದೇ ಕಾಲು ಊದಿದ್ದರೆ ಅದನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ, ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ವೈದ್ಯರಿಗೆ ತೋರಿಸಿ.

ಒಂದು ಲೆಕ್ಕ ನೋಡಿ. ಎತ್ತರ 168 ಸೆಂ.ಮೀ., ಯಂತ್ರದ ತೂಕ 62 ಕಿಲೋ, ಹೊಟ್ಟೆ ಬಿಗಿದಿದೆ, ಎರಡೂ ಕಾಲಲ್ಲಿ ಗುಳಿ ಬೀಳುತ್ತದೆ. ಯಂತ್ರದ ತೂಕ ನಂಬಿದರೆ ಬಿಎಂಐ 22, ಏನೂ ತೊಂದರೆಯಿಲ್ಲ ಅನಿಸುತ್ತದೆ. 15 ಮತ್ತು 5 ಸೇರಿ 20%, ಅಂದರೆ 12.4 ಕಿಲೋ ಕಳೆದರೆ ಒಣತೂಕ 49.6 ಕಿಲೋ, ಬಿಎಂಐ 17.6. ಅದೇ ಮನುಷ್ಯ, ಅದೇ ದಿನ, ಈಗ ತೀವ್ರ ಅಪೌಷ್ಟಿಕತೆಯ ಅಪಾಯದ ಗುಂಪಿನಲ್ಲಿದ್ದಾರೆ.

ತಪ್ಪಾಗುವ ಜಾಗಗಳು ಎರಡು. ಹೊಟ್ಟೆಯ ನೀರು ತೆಗೆಸಿದ ಮೇಲೆ ಹಳೆಯ ಶೇಕಡಾವನ್ನೇ ಕಳೆಯಬೇಡಿ. ಮತ್ತೆ ತೂಗಿ, ಉಳಿದ ನೀರಿಗೆ ಹೊಸದಾಗಿ ದರ್ಜೆ ಹಾಕಿ. ಮೂತ್ರ ಹೋಗುವ ಮಾತ್ರೆ ಶುರುವಾದ ಮೇಲೆ ಇಳಿಯುವ ತೂಕ ನೀರಿನದು, "ಸೊರಗಿದರು" ಎಂದುಕೊಳ್ಳಬೇಡಿ. ಆದರೆ ಕಾಲು ಊತವಿಲ್ಲದವರಲ್ಲಿ ದಿನಕ್ಕೆ ಅರ್ಧ ಕಿಲೋ, ಊತ ಇರುವವರಲ್ಲಿ ಒಂದು ಕಿಲೋ ಮೀರಿ ಇಳಿಯುತ್ತಿದ್ದರೆ ಮಾತ್ರೆಯ ಪ್ರಮಾಣ ಹೆಚ್ಚಾಗಿದೆ, ವೈದ್ಯರಿಗೆ ತಿಳಿಸಿ. ಬೆನ್ನು ಬಾಗಿ ನೇರ ನಿಲ್ಲಲಾರದವರಿಗೆ ಎರಡು ಕೈ ಚಾಚಿ ಬೆರಳ ತುದಿಯಿಂದ ತುದಿಗೆ ಅಳೆದರೆ ಎತ್ತರದ ಅಂದಾಜು ಸಿಗುತ್ತದೆ.

ಹಂತ 3: ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ

ಅಂಗಿ ಬಿಚ್ಚಿಸಿ, ಬೆಳಕಿನಲ್ಲಿ ಕೂರಿಸಿ. ಕಣತಲೆ ಗುಳಿಬಿದ್ದಿದೆಯೇ? ಕೊರಳ ಬುಡದ ಎಲುಬು ಎದ್ದು ಕಾಣುತ್ತಿದೆಯೇ? ಭುಜ ದುಂಡಗಿರುವ ಬದಲು ಚೌಕವಾಗಿದೆಯೇ? ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿ ಹಿಡಿಯಲು ಹೇಳಿ: ಕೈಯ ಹಿಂಭಾಗದಲ್ಲಿ ಅವೆರಡರ ನಡುವೆ ಮಾಂಸ ಉಬ್ಬಬೇಕು. ಅಲ್ಲಿ ತಗ್ಗು ಬಿದ್ದಿದ್ದರೆ ಮಾಂಸಖಂಡ ಕರಗಿದೆ. ಹೊಟ್ಟೆ, ಕಾಲು ಎಷ್ಟೇ ಊದಿದ್ದರೂ ಈ ಜಾಗಗಳಲ್ಲಿ ನೀರು ಸಾಮಾನ್ಯವಾಗಿ ನಿಲ್ಲುವುದಿಲ್ಲ, ಆದ್ದರಿಂದ ಕಂಡದ್ದನ್ನು ನಂಬಬಹುದು.

ಬಾಯಿಯನ್ನೂ ನೋಡಿ. ಹುಣ್ಣು, ಅಲ್ಲಾಡುವ ಹಲ್ಲು, ಕೆಂಪಗೆ ನುಣುಪಾದ ನಾಲಿಗೆ, ತುಟಿಯ ಮೂಲೆಯಲ್ಲಿ ಬಿರುಕು ಇದ್ದರೆ ಊಟ ಕಡಿಮೆಯಾಗಲು ಅರ್ಧ ಕಾರಣ ಅಲ್ಲೇ ಇರುತ್ತದೆ.

ಹಂತ 4: ತೋಳಿನ ಸುತ್ತಳತೆ

ಬರೆಯದ ಕೈ ಆರಿಸಿಕೊಳ್ಳಿ. ಮೊಣಕೈ ಮಡಿಸಿ, ಭುಜದ ತುದಿಯ ಎಲುಬಿನಿಂದ ಮೊಣಕೈ ತುದಿಯವರೆಗೆ ಅಳೆದು ನಟ್ಟನಡುವೆ ಪೆನ್ನಿನಿಂದ ಗುರುತು ಹಾಕಿ. ಈಗ ಕೈಯನ್ನು ಸಡಿಲವಾಗಿ ಇಳಿಬಿಡಲು ಹೇಳಿ ಗುರುತಿನ ಮೇಲೆ ಟೇಪು ಸುತ್ತಿ. ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. ಗಂಡಸರಲ್ಲಿ 23, ಹೆಂಗಸರಲ್ಲಿ 22 ಸೆಂ.ಮೀ.ಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಅಪೌಷ್ಟಿಕತೆ ಎಂದು ಹಿಡಿಯುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಆ ಗಡಿರೇಖೆಗಿಂತ ಅದೇ ವ್ಯಕ್ತಿಯ ಹಿಂದಿನ ತಿಂಗಳ ಅಳತೆಯೊಂದಿಗೆ ಹೋಲಿಸುವುದೇ ಹೆಚ್ಚು ಪ್ರಯೋಜನಕಾರಿ. ಆದ್ದರಿಂದ ಪ್ರತಿಸಲವೂ ಅದೇ ಕೈ, ಸಾಧ್ಯವಾದರೆ ಅಳೆಯುವವರೂ ಅವರೇ ಇರಲಿ.

ಕ್ಯಾಲಿಪರ್ ಇದ್ದರೆ ಅದೇ ಗುರುತಿನ ಹಿಂಬದಿಯ ಚರ್ಮದ ಮಡಿಕೆಯನ್ನು ಅಳೆದು, ಸೆಂ.ಮೀ.ಗೆ ಪರಿವರ್ತಿಸಿ, 3.14ರಿಂದ ಗುಣಿಸಿ ಸುತ್ತಳತೆಯಿಂದ ಕಳೆಯಿರಿ. ಸುತ್ತಳತೆ 24 ಸೆಂ.ಮೀ., ಮಡಿಕೆ 10 ಮಿ.ಮೀ. ಇದ್ದರೆ ಮಾಂಸದ ಸುತ್ತಳತೆ 20.9 ಸೆಂ.ಮೀ. ಮೀನಖಂಡದ ಸುತ್ತಳತೆ ವಯಸ್ಸಾದವರಿಗೆ ಒಳ್ಳೆಯ ಅಳತೆಯೇ, ಆದರೆ ಕಾಲು ಊದಿದವರಲ್ಲಿ ಅದನ್ನು ಬಿಟ್ಟುಬಿಡಿ.

ಹಂತ 5: ಬಲ ಪರೀಕ್ಷೆ

ಮಾಂಸಖಂಡ ಎಷ್ಟಿದೆ ಎಂಬುದರಷ್ಟೇ ಅದು ಎಷ್ಟು ಕೆಲಸ ಮಾಡುತ್ತಿದೆ ಎಂಬುದೂ ಮುಖ್ಯ. ಡೈನಮೋಮೀಟರ್ ಇದ್ದರೆ ಕೂತು, ಮೊಣಕೈ ಲಂಬಕೋನದಲ್ಲಿಟ್ಟು, ಮೂರು ಸಲ ಹಿಂಡಿಸಿ ಅತಿ ಹೆಚ್ಚು ಬಂದದ್ದನ್ನು ಬರೆದುಕೊಳ್ಳಿ. ಏಷ್ಯಾದವರಿಗೆ 2019ರಲ್ಲಿ ತಜ್ಞರ ಗುಂಪು ನಿಗದಿ ಮಾಡಿದ ಗಡಿ ಗಂಡಸರಿಗೆ 28 ಕಿಲೋ, ಹೆಂಗಸರಿಗೆ 18 ಕಿಲೋ. ಅದಕ್ಕಿಂತ ಕಡಿಮೆಯಾದರೆ ಬಲ ಕುಂದಿದೆ.

ಯಂತ್ರ ಇಲ್ಲದಿದ್ದರೆ ಕುರ್ಚಿ ಸಾಕು. ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು, ಕೈ ಊರದೆ, ಐದು ಸಲ ಪೂರ್ತಿ ಎದ್ದು ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ, ಇಲ್ಲವೇ ಮುಗಿಸಲಾಗದಿದ್ದರೆ ಬರೆದುಕೊಳ್ಳಿ. ಆಮೇಲೆ ಸಮತೋಲ ನೋಡಲು ಮೂರು ಭಂಗಿಯಲ್ಲಿ ಹತ್ತು ಹತ್ತು ಸೆಕೆಂಡ್ ನಿಲ್ಲಿಸಿ: ಪಾದಗಳನ್ನು ಜೋಡಿಸಿ, ಒಂದು ಪಾದವನ್ನು ಅರ್ಧ ಮುಂದೆ ಸರಿಸಿ, ಒಂದರ ಮುಂದೊಂದು ಇಟ್ಟು. ಮುಷ್ಟಿ, ಕುರ್ಚಿ, ಸಮತೋಲ ಮೂರನ್ನೂ ಸೇರಿಸಿ ಲಿವರ್ ಕೇಂದ್ರಗಳು "ಲಿವರ್ ಫ್ರೇಲ್ಟಿ ಇಂಡೆಕ್ಸ್" ಎಂಬ ಒಂದೇ ಅಂಕಿ ಲೆಕ್ಕ ಹಾಕುತ್ತವೆ; 4.5 ಅಥವಾ ಹೆಚ್ಚು ಬಂದರೆ ರೋಗಿ ತೀರಾ ದುರ್ಬಲ ಎಂದರ್ಥ.

ಎಚ್ಚರಿಕೆ: ಮಂಕು ಇರುವವರಿಗೆ, ಇತ್ತೀಚೆಗೆ ರಕ್ತವಾಂತಿಯಾದವರಿಗೆ, ಎದ್ದರೆ ತಲೆ ಸುತ್ತುವವರಿಗೆ ಕುರ್ಚಿ ಪರೀಕ್ಷೆ ಬೇಡ. ಉಳಿದವರಿಗೂ ಪಕ್ಕದಲ್ಲಿ ಒಬ್ಬರು ಕೈಯಳತೆಯಲ್ಲೇ ನಿಂತಿರಬೇಕು.

ಸಕ್ಕರೆ ಕಾಯಿಲೆ, ಕೊಬ್ಬಿನ ಲಿವರ್‌ನಿಂದ ಸಿರೋಸಿಸ್ ಆದ ದಪ್ಪ ಮೈಯವರಲ್ಲಿ ಈ ಹಂತವನ್ನು ಯಾವ ಕಾರಣಕ್ಕೂ ಬಿಡಬೇಡಿ. ತೋಳು ದಪ್ಪಗಿರುತ್ತದೆ, ಒಳಗೆ ಮಾಂಸಖಂಡ ಕರಗಿರುತ್ತದೆ. ಕಣ್ಣಿಗೂ ಟೇಪಿಗೂ ಸಿಗದ ಕೊರತೆ ಕುರ್ಚಿಯಿಂದ ಏಳುವಾಗ ಸಿಗುತ್ತದೆ.

ಹಂತ 6: ಮೂರು ದಿನದ ತಟ್ಟೆ

"ಊಟ ಚೆನ್ನಾಗಿ ಮಾಡ್ತೀರಾ?" ಎಂದು ಕೇಳಿದರೆ "ಹೂಂ" ಎಂಬ ಉತ್ತರವೇ ಬರುತ್ತದೆ, ಅದರಿಂದ ಏನೂ ತಿಳಿಯದು. ಬಡಿಸುವವರನ್ನು ಕೇಳಿ. ಎಷ್ಟು ಸೌಟು, ಯಾವ ಲೋಟ, ತಟ್ಟೆಯಲ್ಲಿ ಎಷ್ಟು ಬಿಟ್ಟರು, ಎಷ್ಟು ಗಂಟೆಗೆ. ಮೂರು ದಿನ ಬರೆಯಿರಿ, ಒಂದು ಭಾನುವಾರ ಸೇರಿರಲಿ. ರಾತ್ರಿಯ ಕೊನೆಯ ತುತ್ತು ಮತ್ತು ಬೆಳಗಿನ ಮೊದಲ ತುತ್ತಿನ ನಡುವಿನ ಗಂಟೆಗಳನ್ನು ಬೇರೆಯಾಗಿ ಬರೆಯಿರಿ.

ನಮ್ಮ ಮನೆಗಳಲ್ಲಿ ಕಾಮಾಲೆ ಪಥ್ಯದ ಹೆಸರಿನಲ್ಲಿ ನಡೆಯುವ ಒಂದು ದಿನದ ಊಟ ಹೀಗಿರುತ್ತದೆ. ಎಂಟೂವರೆಗೆ ಎರಡು ಇಡ್ಲಿ, ಚಹಾ. ಹನ್ನೊಂದಕ್ಕೆ ಒಂದು ಲೋಟ ಅಕ್ಕಿ ಗಂಜಿ. ಒಂದೂವರೆಗೆ ಅನ್ನ, ನೀರು ಸಾರು, ಮಜ್ಜಿಗೆ. ನಾಲ್ಕೂವರೆಗೆ ಚಹಾ, ಎರಡು ಬಿಸ್ಕತ್ತು. ರಾತ್ರಿ ಎಂಟಕ್ಕೆ ಮತ್ತೆ ಅನ್ನ, ಸಾರು. ಎಣ್ಣೆ ಇಲ್ಲ, ಗಟ್ಟಿ ಬೇಳೆ ಇಲ್ಲ, ಮೊಟ್ಟೆ ಇಲ್ಲ. ಕೂಡಿಸಿದರೆ ಸುಮಾರು 1,050 ಕ್ಯಾಲೊರಿ, 28 ಗ್ರಾಂ ಪ್ರೋಟೀನ್. ರಾತ್ರಿಯ ಬರಿಹೊಟ್ಟೆ ಹನ್ನೆರಡೂವರೆ ಗಂಟೆ.

ಬೇಕಾದದ್ದು ಎಷ್ಟು? ಯುರೋಪಿನ ಲಿವರ್ ತಜ್ಞರ ಸಂಘದ 2018ರ ಮಾರ್ಗಸೂಚಿಯಂತೆ, ಸ್ಥೂಲಕಾಯರಲ್ಲದವರಿಗೆ ದಿನಕ್ಕೆ ಕಿಲೋಗೆ ಕನಿಷ್ಠ 35 ಕ್ಯಾಲೊರಿ, 1.2ರಿಂದ 1.5 ಗ್ರಾಂ ಪ್ರೋಟೀನ್. ಇಲ್ಲಿ ಕಿಲೋ ಎಂದರೆ ಒಣತೂಕ. ಹಂತ 2ರ ವ್ಯಕ್ತಿಗೆ 49.6 ಕಿಲೋ ಲೆಕ್ಕದಲ್ಲಿ ಸುಮಾರು 1,740 ಕ್ಯಾಲೊರಿ, 60ರಿಂದ 74 ಗ್ರಾಂ ಪ್ರೋಟೀನ್ ಬೇಕು. ಅವರು ಮೇಲಿನ ಪಥ್ಯದಲ್ಲಿದ್ದರೆ ಪ್ರೋಟೀನ್ ಅರ್ಧಕ್ಕೂ ಇಲ್ಲ. ಬಿಎಂಐ 30 ದಾಟಿದವರಿಗೆ 35ರ ಲೆಕ್ಕ ಹೊಂದುವುದಿಲ್ಲ. ಅವರಿಗೆ ಕ್ಯಾಲೊರಿಯನ್ನು ಡಯಟಿಷಿಯನ್ ತಗ್ಗಿಸುತ್ತಾರೆ, ಪ್ರೋಟೀನನ್ನು ತಗ್ಗಿಸುವುದಿಲ್ಲ.

ಲೆಕ್ಕಕ್ಕೆ ಅಂದಾಜು ಪ್ರೋಟೀನ್: ಒಂದು ಮೊಟ್ಟೆ 6 ಗ್ರಾಂ, 200 ಮಿ.ಲೀ. ಹಾಲು 6, 30 ಗ್ರಾಂ ಒಣ ತೊಗರಿಬೇಳೆ ಬೇಯಿಸಿದ ಗಟ್ಟಿ ಬೇಳೆ 6ರಿಂದ 7, 100 ಗ್ರಾಂ ರಾಗಿ ಹಿಟ್ಟಿನ ಮುದ್ದೆ 7, 30 ಗ್ರಾಂ ಒಣ ಸೋಯಾ ಚಂಕ್ಸ್ 15, 30 ಗ್ರಾಂ ಕಡಲೆಕಾಯಿ ಬೀಜ 7. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ ನಮ್ಮ ಧಾನ್ಯ, ಕಾಳು, ಸೊಪ್ಪುಗಳ ನಿಖರ ಅಂಕಿಗಳಿವೆ.

ಹಂತ 7: ರಕ್ತದ ವರದಿ ಓದುವಾಗ

ಆಲ್ಬುಮಿನನ್ನು ತಯಾರಿಸುವುದು ಲಿವರ್. ಲಿವರ್ ಸೋತಾಗ, ಸೋಂಕಾದಾಗ ಅದು ಇಳಿಯುತ್ತದೆ. ಅದು ಊಟದ ಅಳತೆಗೋಲಲ್ಲ. ಮೊಟ್ಟೆ ಕೊಡಿ, ಮಾಂಸಖಂಡಕ್ಕೆ ಅದು ಬೇಕು. ಆದರೆ ಮುಂದಿನ ವರದಿಯಲ್ಲಿ ಆಲ್ಬುಮಿನ್ ಏರಲಿಲ್ಲವೆಂದು ನಿಲ್ಲಿಸಬೇಡಿ. ಕಿಡ್ನಿ ಹೇಗಿದೆ ಎಂದು ತಿಳಿಯಲು ನೋಡುವ ಕ್ರಿಯಾಟಿನಿನ್ ಮಾಂಸಖಂಡದಿಂದ ಬರುವ ವಸ್ತು, ಹಾಗಾಗಿ ಸೊರಗಿದವರಲ್ಲಿ ಅದು 0.6 ಇದ್ದರೆ ಕಿಡ್ನಿ ಬಲು ಚೆನ್ನಾಗಿದೆ ಎಂದು ಅರ್ಥವಾಗಲೇಬೇಕಿಲ್ಲ. ರಕ್ತಹೀನತೆ ಇರುವವರಲ್ಲಿ ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸುವ ಎಚ್‌ಬಿಎ1ಸಿ ದಾರಿ ತಪ್ಪಿಸಬಹುದು. ವಿಟಮಿನ್ ಡಿ, ಸತು, ಮೆಗ್ನೀಸಿಯಂ, ಫಾಸ್ಫರಸ್, ಮದ್ಯ ಕುಡಿಯುತ್ತಿದ್ದವರಲ್ಲಿ ವಿಟಮಿನ್ ಬಿ1, ಇವುಗಳ ಬಗ್ಗೆ ವೈದ್ಯರನ್ನು ಕೇಳಿ. ಹೊಟ್ಟೆಯ ಸಿಟಿ ಸ್ಕ್ಯಾನ್ ಬೇರೆ ಕಾರಣಕ್ಕೆ ಆಗಿದ್ದರೆ ಸೊಂಟದ ಮೂರನೇ ಕಶೇರುವಿನ ಮಟ್ಟದಲ್ಲಿ ಮಾಂಸಖಂಡದ ವಿಸ್ತೀರ್ಣ ಅಳೆಯಬಹುದು. ಅದಕ್ಕೆಂದೇ ಹೊಸ ಸ್ಕ್ಯಾನ್ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ.

ಹಂತ 8: ಕೊರತೆ ತುಂಬುವಾಗ

ಮೊದಲು ರಾತ್ರಿಯ ಅಂತರ ಮುರಿಯಿರಿ. ಮಲಗುವ ಮುನ್ನ ಕನಿಷ್ಠ 50 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಸಿಗುವಷ್ಟು ತಿಂಡಿ ಬೇಕು: ಎರಡು ಚಪಾತಿಯ ಜೊತೆ ಒಂದು ಲೋಟ ಹಾಲು, ಅಥವಾ 60 ಗ್ರಾಂ ಅವಲಕ್ಕಿ ಹಾಲಿನಲ್ಲಿ. ಎದ್ದ ಕೂಡಲೇ ಏನಾದರೂ ತಿನ್ನಬೇಕು. ಹಗಲು 3–4 ಗಂಟೆಗಿಂತ ಹೆಚ್ಚು ಬಿಡುವು ಬೇಡ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಗಳ ಬಗ್ಗೆ ವೈದ್ಯರ ಜೊತೆ ಮೊದಲೇ ಮಾತಾಡಿ. ಮುಂದುವರಿದ ಸಿರೋಸಿಸ್‌ನಲ್ಲಿ ಉಪವಾಸ ಮಾಂಸಖಂಡವನ್ನು ತಿನ್ನುತ್ತದೆ. ಪರೀಕ್ಷೆಗಳಿಗೆ ಬರಿಹೊಟ್ಟೆ ಬೇಕಾದರೆ ಬೆಳಗಿನ ಮೊದಲ ಸರದಿ ಕೇಳಿ ಪಡೆಯಿರಿ.

ಮಂಕು ಬಂದಿತೆಂದು ಪ್ರೋಟೀನ್ ನಿಲ್ಲಿಸುವುದು ಹಳೆಯ ಪದ್ಧತಿ, ಅದರಿಂದ ಹಾನಿಯೇ ಹೆಚ್ಚು. ಮಾಂಸ ಹಿಡಿಸದಿದ್ದರೆ ಬೇಳೆಕಾಳು, ಹಾಲು, ಮೊಸರಿನ ಪ್ರೋಟೀನ್ ಕೊಡಿ. ಹಗಲು ನಿದ್ದೆ, ರಾತ್ರಿ ಎಚ್ಚರ, ಕೈಬರಹ ಕೆಡುವುದು ಕಂಡರೆ ಮಲಬದ್ಧತೆ ಆಗಿದೆಯೇ ನೋಡಿ, ವೈದ್ಯರಿಗೆ ಹೇಳಿ.

ಉಪ್ಪು ದಿನಕ್ಕೆ ಎಲ್ಲ ಸೇರಿ ಸುಮಾರು 5 ಗ್ರಾಂ, ಮಟ್ಟಸವಾದ ಒಂದು ಟೀ ಚಮಚಕ್ಕಿಂತ ಕೊಂಚ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಬಿಡಿ. ನಿಂಬೆ, ಜೀರಿಗೆ, ಕಾಳುಮೆಣಸು, ಕೊತ್ತಂಬರಿಯಿಂದ ರುಚಿ ತನ್ನಿ. ಉಪ್ಪಿಲ್ಲದ ಊಟ ಸೇರದೆ ತಟ್ಟೆ ಹಾಗೇ ಉಳಿಯುತ್ತಿದ್ದರೆ ಉಪ್ಪು ಸ್ವಲ್ಪ ಸಡಿಲಿಸಬಹುದೇ ಎಂದು ಕೇಳಿ; ಉಣ್ಣದೇ ಇರುವುದು ಅದಕ್ಕಿಂತ ಕೆಟ್ಟದ್ದು. "ಕಡಿಮೆ ಸೋಡಿಯಂ ಉಪ್ಪು" ಕೊಳ್ಳಬೇಡಿ: ಅದರಲ್ಲಿರುವುದು ಪೊಟ್ಯಾಸಿಯಂ. ಹೊಟ್ಟೆಯ ನೀರಿಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯೂ ಪೊಟ್ಯಾಸಿಯಂ ಏರಿಸುತ್ತದೆ. ಎರಡೂ ಸೇರಿದರೆ ಹೃದಯದ ಬಡಿತ ಕೆಡಬಹುದು. ದಿನಕ್ಕೆರಡು ಎಳನೀರಿನ ಅಭ್ಯಾಸಕ್ಕೂ ಇದೇ ಎಚ್ಚರಿಕೆ. "ಲಿವರ್ ಟಾನಿಕ್" ಎಂದು ಮನೆಯಲ್ಲಿ ಮಾಡುವ ಅಮೃತಬಳ್ಳಿ ಕಷಾಯವೂ ಬೇಡ. ಅದರಿಂದಲೇ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ನಮ್ಮ ದೇಶದಲ್ಲಿ ವರದಿಯಾಗಿವೆ.

ಐದಾರು ದಿನ ಬಹುತೇಕ ಏನೂ ತಿನ್ನದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಕೊಡಬೇಡಿ. ರಕ್ತದ ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಿಢೀರ್ ಕುಸಿದು ಪ್ರಾಣಾಪಾಯವಾಗಬಹುದು. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಅಂಥವರಿಗೆ ಆಹಾರ ಶುರುವಾಗಬೇಕಾದದ್ದು ಆಸ್ಪತ್ರೆಯಲ್ಲಿ, ಬಿ1 ಕೊಟ್ಟ ಮೇಲೆ, ನಿಧಾನವಾಗಿ. ರಕ್ತವಾಂತಿ, ಟಾರಿನಂಥ ಕಪ್ಪು ಮಲ, ಗೊಂದಲ, ಜ್ವರದೊಡನೆ ಹೊಟ್ಟೆನೋವು ಇದ್ದರೆ ಅಳತೆಗಳನ್ನೆಲ್ಲ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೊರಡಿ.

ಮತ್ತೆ ಯಾವಾಗ ಅಳೆಯಬೇಕು?

ಹೊಟ್ಟೆಯಲ್ಲಿ ನೀರು, ಮಂಕು, ರಕ್ತಸ್ರಾವ ಯಾವುದೂ ಆಗದೆ ಸ್ಥಿರವಾಗಿರುವವರಿಗೆ ಆರು ತಿಂಗಳಿಗೊಮ್ಮೆ ಸಾಕು. ಇವುಗಳಲ್ಲಿ ಒಂದಾದರೂ ಆದವರಿಗೆ ತೋಳು ಮತ್ತು ಕುರ್ಚಿ ತಿಂಗಳಿಗೊಮ್ಮೆ, ತಟ್ಟೆಯ ಲೆಕ್ಕ ಎರಡು ಮೂರು ತಿಂಗಳಿಗೊಮ್ಮೆ. ನೀರು ತುಂಬುತ್ತಿರುವವರ ತೂಕ ದಿನಾ ಬರೆಯಿರಿ. ಡಯಟಿಷಿಯನ್ ಬಳಿಗೆ ಹೋಗುವಾಗ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಇಷ್ಟಿರಲಿ: ದಿನಾಂಕ, ಯಂತ್ರದ ತೂಕ, ಎಷ್ಟು ಶೇಕಡಾ ಕಳೆದಿರಿ, ಒಣತೂಕ, ತೋಳಿನ ಸುತ್ತಳತೆ, ಐದು ಸಲ ಏಳಲು ಹಿಡಿದ ಸೆಕೆಂಡ್, ಮೂರು ದಿನದ ಊಟ, ರಾತ್ರಿಯ ಬರಿಹೊಟ್ಟೆಯ ಗಂಟೆಗಳು, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು. ಹೊಟ್ಟೆಯ ನೀರು ತೆಗೆಸಿದ್ದರೆ ಯಾವ ದಿನ, ಎಷ್ಟು ಲೀಟರ್ ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಿರಿ.